ರೋಮನ್ ಸೆಂಚುರಿಯನ್ ಕತ್ತಿ ಯಾವ ಕಡೆ? ಅವರು ನಿಜವಾಗಿ ಮುಂದೆ ನಿಂತು ಹೋರಾಡುತ್ತಿದ್ದರಾ?

ಗೆರೆಗಾರ:

ಎಲ್ಲರಿಗೂ ನಮಸ್ಕಾರ. ರೋಮನ್ ಸೇನಾಪತಿ ಸೀಸರ್ ಗಾಲ್ ದೇಶದಲ್ಲಿ (ಇಂದಿನ ಫ್ರಾನ್ಸ್ ಕಡೆ) ನಡೆಸಿದ ಯುದ್ಧದ ಮೇಲೆ ಒಂದು ಕಾಮಿಕ್ ಮಾಡುತ್ತಿದ್ದೇನೆ. ನಾಯಕ ಒಬ್ಬ ಸೆಂಚುರಿಯನ್, ಅಂದರೆ ರೋಮನ್ ಸೈನ್ಯದಲ್ಲಿ ಸುಮಾರು 80 ಜನರ ತುಕಡಿಯ ಮುಖ್ಯಸ್ಥ. ಅವನನ್ನು ಮೂರು ಸಲ ಬಿಡಿಸಿ ಮೂರು ಸಲವೂ ಅಳಿಸಿದ್ದೇನೆ, ಯಾಕಂದ್ರೆ ನಾನು ನೋಡಿದ ಒಂದೊಂದು ಚಿತ್ರದಲ್ಲೂ ಒಂದೊಂದು ಥರ ಇದೆ. ಒಂದು ಕಡೆ ಕತ್ತಿ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ. ಹೆಲ್ಮೆಟ್ ಮೇಲಿನ ತುರಾಯಿ ಹುಂಜದ ಜುಟ್ಟಿನ ಹಾಗೆ ಹಣೆಯಿಂದ ಹಿಂದಕ್ಕೆ ಇರಬೇಕಾ, ಇಲ್ಲ ಈ ಕಿವಿಯಿಂದ ಆ ಕಿವಿಗೆ ಅಡ್ಡಡ್ಡ ಇರಬೇಕಾ? ಕೈಯಲ್ಲಿ ಒಂದು ಕೋಲು ಬೇರೆ ಇರುತ್ತದೆ, ಅದು ಯುದ್ಧದಲ್ಲಿ ಯಾವ ಉಪಯೋಗಕ್ಕೆ?

ಇನ್ನೊಂದು ಅನುಮಾನ. ಅಧಿಕಾರಿ ಅಂದಮೇಲೆ ಹಿಂದೆ ಕುದುರೆ ಮೇಲೆ ಕೂತು ಕೈ ತೋರಿಸುವವನಲ್ವಾ? ನನ್ನ ಕಥೆಯಲ್ಲಿ ಇವನು ಎಲ್ಲರಿಗಿಂತ ಮುಂದೆ ನುಗ್ಗುತ್ತಾನೆ. ಇದು ಸಿನಿಮಾ ಆಯಿತು ಅಂತ ಗೆಳೆಯ ನಕ್ಕ. ಯಾರಾದರೂ ತಿಳಿದವರು ಹೇಳಿ.

ಹಳೇಕತ್ತಿ:

ಕತ್ತಿ ಎಡಕ್ಕೆ. ತುರಾಯಿ ಅಡ್ಡಡ್ಡ. ಇವೆರಡರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಸಾಮಾನ್ಯ ಸೈನಿಕ ಕತ್ತಿಯನ್ನು ಬಲಗಡೆ ಕಟ್ಟುತ್ತಿದ್ದ. ಎಡಗೈಯಲ್ಲಿ ದೊಡ್ಡ ಗುರಾಣಿ, ಪಕ್ಕದಲ್ಲಿ ಭುಜಕ್ಕೆ ಭುಜ ಕೊಟ್ಟು ಇನ್ನೊಬ್ಬ. ಅಂಥ ಇಕ್ಕಟ್ಟಿನಲ್ಲಿ ಬಲಗೈಯಿಂದ ಬಲಗಡೆಯ ಗಿಡ್ಡ ಕತ್ತಿ ಎಳೆದರೆ ಗುರಾಣಿಗೂ ತಾಗುವುದಿಲ್ಲ, ಪಕ್ಕದವನಿಗೂ ಗೀರುವುದಿಲ್ಲ. ಸೆಂಚುರಿಯನ್ ಮಾತ್ರ ಉಲ್ಟಾ. ಕತ್ತಿ ಎಡಕ್ಕೆ, ಕಿರುಗತ್ತಿ ಬಲಕ್ಕೆ. ಇಂಗ್ಲೆಂಡಿನ ಕಾಲ್ಚೆಸ್ಟರ್‌ನಲ್ಲಿ 1868ರಲ್ಲಿ ಫಾವೋನಿಯಸ್ ಫಾಸಿಲಿಸ್ ಅನ್ನುವ ಸೆಂಚುರಿಯನ್‌ನ ಸಮಾಧಿ ಕಲ್ಲು ಸಿಕ್ಕಿತು. 20ನೇ ಲೀಜನ್‌ನವನು (ಲೀಜನ್ ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆ). ಅದರಲ್ಲಿ ಪೂರ್ತಿ ನಿಂತಿದ್ದಾನೆ. ಎಡಕ್ಕೆ ಕತ್ತಿ, ಬಲಕ್ಕೆ ಕಿರುಗತ್ತಿ, ಬಲಗೈಯಲ್ಲಿ ಕೋಲು, ಮೊಣಕಾಲಿನಿಂದ ಕೆಳಗೆ ಲೋಹದ ಕಾಲ್ಗವಚ. ನಿಮಗೆ ಇದಕ್ಕಿಂತ ಒಳ್ಳೆ ಮಾದರಿ ಬೇಡ.

ಕತ್ತಿ ಎಡಕ್ಕೆ ಯಾಕೆ ಅಂದ್ರೆ, ಸೆಂಚುರಿಯನ್ ಗುರಾಣಿ ಹಿಡಿಯುತ್ತಿರಲಿಲ್ಲ, ಹಾಗಾಗಿ ಅಡ್ಡಿ ಇರಲಿಲ್ಲ.

ಕಲ್ಲುಬರಹ:

ಹಳೇಕತ್ತಿ ಅವರೇ, ಕೊನೆ ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ. ಗುರಾಣಿ ಹಿಡಿಯುತ್ತಿರಲಿಲ್ಲ ಅಂತ ಹೇಗೆ ಹೇಳುತ್ತೀರಿ? ಸಮಾಧಿ ಕಲ್ಲಿನಲ್ಲಿ ಗುರಾಣಿ ಇಲ್ಲ ಅಂತಾನಾ? ಫೋಟೋಗೆ ನಿಲ್ಲುವಾಗ ನಾವು ಛತ್ರಿ ಹಿಡಿದು ನಿಲ್ಲುತ್ತೇವಾ?

ಕ್ರಿ.ಪೂ. 48ರಲ್ಲಿ ಡಿರಾಕಿಯಂ ಹತ್ತಿರ ರೋಮನ್ ಅಂತರ್ಯುದ್ಧದಲ್ಲಿ ಎದುರಾಳಿಯಾಗಿದ್ದ ಪಾಂಪೆಯ ಸೈನ್ಯ ಸೀಸರ್‌ನ ಒಂದು ಚಿಕ್ಕ ಕೋಟೆಯ ಮೇಲೆ ಬಿತ್ತು. ಬಾಣದ ಮಳೆ. ಅಲ್ಲಿದ್ದ ಸ್ಕೇವಾ ಅನ್ನುವ ಸೆಂಚುರಿಯನ್‌ನ ಗುರಾಣಿಯನ್ನು ಆಮೇಲೆ ಸೀಸರ್ ಮುಂದೆ ತಂದಿಟ್ಟಾಗ ಅದರಲ್ಲಿ 120 ತೂತುಗಳಿದ್ದವು. ಇದನ್ನು ಸೀಸರ್ ತಾನೇ ಬರೆದಿದ್ದಾನೆ. ಅದೇ ಕೋಟೆಯಲ್ಲಿ ಒಂದೇ ಕೊಹಾರ್ಟ್‌ನ (ಆರು ತುಕಡಿ ಸೇರಿದ ಪಡೆ) ನಾಲ್ವರು ಸೆಂಚುರಿಯನ್‌ಗಳು ಕಣ್ಣು ಕಳೆದುಕೊಂಡರು ಅಂತಲೂ ಬರೆದಿದ್ದಾನೆ. ಸ್ಕೇವಾಗೆ 2,00,000 ಸೆಸ್ಟರ್ಸ್ ಬಹುಮಾನ ಕೊಟ್ಟು, ನೇರವಾಗಿ ಪ್ರೈಮಸ್ ಪೈಲಸ್ ಮಾಡಿದ, ಅಂದರೆ ಲೀಜನ್‌ನ ಎಲ್ಲ ಸೆಂಚುರಿಯನ್‌ಗಳಲ್ಲಿ ಮೊದಲನೆಯವನು. ಗುರಾಣಿ ಇಲ್ಲದವನ ಗುರಾಣಿಗೆ ತೂತು ಎಲ್ಲಿಂದ ಬರಬೇಕು ಸ್ವಾಮಿ?

ನನ್ನ ಪ್ರಕಾರ ಎಡಗಡೆ ಕತ್ತಿ ಗುರುತಿಗೆ. ಸೆಂಚುರಿಯನ್ ಮೈಮೇಲಿನ ವಸ್ತುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಎಲ್ಲವೂ 'ನಾನು ಇಲ್ಲಿದ್ದೇನೆ, ನೋಡಿ' ಅನ್ನುತ್ತವೆ. ಅಡ್ಡ ತುರಾಯಿ ಬೆಳ್ಳಿ ಬಣ್ಣದ್ದಾಗಿರುತ್ತಿತ್ತು, ತಮ್ಮ ಸೆಂಚುರಿಯನ್ ಯಾರು ಅಂತ ಸೈನಿಕರಿಗೆ ಬೇಗ ಗೊತ್ತಾಗಲಿ ಅಂತ, ಎಂದು ವೆಜೀಶಿಯಸ್ ಬರೆಯುತ್ತಾನೆ. ಅವನು ಬಹಳ ಕಾಲದ ಮೇಲೆ ಬರೆದವನು, ಅದು ನೆನಪಿರಲಿ. ಆದರೆ ಧೂಳು, ಕೂಗಾಟ, ನೂಕುನುಗ್ಗಲಿನ ನಡುವೆ 80 ಜನ ಯಾರ ಹಿಂದೆ ಹೋಗಬೇಕು? ತಲೆ ಎತ್ತಿದಾಗ ಅಡ್ಡ ತುರಾಯಿ ಕಂಡರೆ ಸಾಕು. ತೊಂದರೆ ಏನಂದ್ರೆ, ಅದು ಎದುರಾಳಿಗೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ನಿದ್ದೆಗೇಡಿ:

ಕೋಲಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅದು ದ್ರಾಕ್ಷಿ ಬಳ್ಳಿಯ ಕಾಂಡದ ಕೋಲು, ಹೆಸರು ವೀಟಿಸ್. ಶತ್ರುಗಳಿಗಲ್ಲ, ಸ್ವಂತ ಸೈನಿಕರ ಬೆನ್ನಿಗೆ! ಲುಸಿಲಿಯಸ್ ಅಂತ ಒಬ್ಬ ಸೆಂಚುರಿಯನ್ ಇದ್ದ. ಸೈನಿಕನ ಬೆನ್ನ ಮೇಲೆ ಕೋಲು ಮುರಿಯುವ ತನಕ ಹೊಡೆಯುತ್ತಿದ್ದ, ಮುರಿದ ಕೂಡಲೇ 'ಇನ್ನೊಂದು ತಾ' ಅಂತ ಕೂಗುತ್ತಿದ್ದ, ಅದೂ ಮುರಿದರೆ ಮತ್ತೊಂದು. ಸೈನಿಕರು ಅವನಿಗೆ 'ಇನ್ನೊಂದು ತಾ' ಅಂತಲೇ ಅಡ್ಡಹೆಸರು ಇಟ್ಟುಬಿಟ್ಟಿದ್ದರು. ಕ್ರಿ.ಶ. 14ರಲ್ಲಿ ಪನ್ನೋನಿಯಾ ಪ್ರಾಂತ್ಯದ ಲೀಜನ್‌ಗಳು ದಂಗೆ ಎದ್ದಾಗ ಅವನನ್ನು ಕೊಂದರು. ಟ್ಯಾಸಿಟಸ್ ಇದನ್ನು ಬರೆದಿದ್ದಾನೆ. ಕಾಮಿಕ್‌ನಲ್ಲಿ ಒಂದು ಪುಟ ಇವನಿಗೂ ಕೊಡಿ, ಕಾಲ ಬೇರೆ ಆದರೂ ಪರವಾಗಿಲ್ಲ.

ಗೆರೆಗಾರ:

ಅಯ್ಯೋ, ಇಷ್ಟು ಬೇಗ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ! ಹಾಗಾದರೆ ಮುಂದೆ ನುಗ್ಗುವುದು ಸಿನಿಮಾ ಅಲ್ಲ ಅನ್ನಿ. ಅಂದಹಾಗೆ ನಾನು ಅವನಿಗೆ ಅಗಲವಾದ ಕಬ್ಬಿಣದ ಪಟ್ಟಿಗಳ ಕವಚ ತೊಡಿಸಿದ್ದೇನೆ, ಎದೆ ತುಂಬ ಪದಕ. ಸರಿ ಇದೆಯಾ?

ಹಳೇಕತ್ತಿ:

ಕಲ್ಲುಬರಹ ಅವರೇ, ಗುರಾಣಿ ವಿಷಯದಲ್ಲಿ ಸೋತೆ. ಸ್ಕೇವಾ ನೆನಪಿಗೇ ಬರಲಿಲ್ಲ.

ಗೆರೆಗಾರರೇ, ಪಟ್ಟಿ ಕವಚ ಅಳಿಸಿ. ಅದು ಸೀಸರ್ ಸತ್ತ ಮೇಲೆ, ಆಗಸ್ಟಸ್ ಕಾಲದಲ್ಲಿ ಕಾಣಿಸಿಕೊಂಡದ್ದು. ನಿಮ್ಮ ಕಥೆಗೆ ಸರಪಳಿ ಕವಚ ಸರಿ, ಸಣ್ಣ ಸಣ್ಣ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಅಂಗಿಯ ಹಾಗೆ ಹೆಣೆದದ್ದು. ಮೀನಿನ ಹುರುಪೆ ಥರದ ಕವಚವೂ ಇತ್ತು. 11ನೇ ಲೀಜನ್‌ನ ಸರ್ಟೋರಿಯಸ್ ಫೆಸ್ಟಸ್ ಅನ್ನುವ ಸೆಂಚುರಿಯನ್ ವೆರೋನಾದ ಕಲ್ಲಿನಲ್ಲಿ ಅದನ್ನು ತೊಟ್ಟು, ಮೇಲೆ ಪದಕಗಳನ್ನು ಹಾಕಿಕೊಂಡು ನಿಂತಿದ್ದಾನೆ. ಆದರೆ ಅವನೂ ಸೀಸರ್‌ಗಿಂತ ಆಮೇಲಿನವನು. ಸಾಲಿನಲ್ಲಿ ನಿಂತ ಸೈನಿಕರಿಗೂ ಸರಪಳಿ ಕವಚವೇ ಇರಲಿ, ಇಲ್ಲದಿದ್ದರೆ ಓದುಗರಲ್ಲಿ ಒಬ್ಬರಾದರೂ ಹಿಡಿದೇ ಹಿಡಿಯುತ್ತಾರೆ. ನಾನೇ ಹಿಡಿಯುತ್ತೇನೆ.

ಕಲ್ಲುಬರಹ:

ಪದಕದ ವಿಷಯಕ್ಕೆ ಇನ್ನೊಂದು ಕಲ್ಲು. ಮಾರ್ಕಸ್ ಸೀಲಿಯಸ್ ಅಂತ, 18ನೇ ಲೀಜನ್‌ನ ಸೆಂಚುರಿಯನ್. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ ಸೇನಾಪತಿ ವಾರಸ್‌ನ ಮೂರು ಲೀಜನ್‌ಗಳು ನಾಶವಾದಾಗ ಸತ್ತವನು. ವಯಸ್ಸು ಐವತ್ತಮೂರೂವರೆ! ಕಥೆಗಾರರು ಸೆಂಚುರಿಯನ್ ಅಂದ್ರೆ ಇಪ್ಪತ್ತೈದರ ಗಟ್ಟಿ ಹುಡುಗ ಅಂತ ಬರೆಯುತ್ತಾರಲ್ಲ, ಅದಕ್ಕೆ ಹೇಳಿದೆ. ತಲೆ ಮೇಲೆ ಓಕ್ ಎಲೆಯ ಕಿರೀಟ, ಎದೆ ಮೇಲೆ ದುಂಡನೆಯ ಪದಕಗಳು, ಕೈಯಲ್ಲಿ ಅದೇ ದ್ರಾಕ್ಷಿ ಕೋಲು. ಓಕ್ ಕಿರೀಟ ಸಿಗುತ್ತಿದ್ದದ್ದು ಇನ್ನೊಬ್ಬ ರೋಮನ್ ಪ್ರಜೆಯ ಜೀವ ಉಳಿಸಿದವನಿಗೆ. ಕಲ್ಲು ಹಾಕಿಸಿದ್ದು ಅವನ ತಮ್ಮನೋ ಅಣ್ಣನೋ, ಹೆಸರು ಪಬ್ಲಿಯಸ್. ಸಮಾಧಿ ಖಾಲಿ, ದೇಹ ಸಿಗಲೇ ಇಲ್ಲ. ಈಗ ಆ ಕಲ್ಲು ಬಾನ್ ನಗರದ ಮ್ಯೂಸಿಯಂನಲ್ಲಿದೆ.

ಆದರೂ ನೀವು ಕಾದಾಟದ ಪುಟದಲ್ಲಿ ಪದಕ ಹಾಕದಿದ್ದರೆ ನನಗೆ ಜಾಸ್ತಿ ನಂಬಿಕೆ ಬರುತ್ತದೆ. ಮೆರವಣಿಗೆಗೆ ಇಟ್ಟುಕೊಳ್ಳಿ.

ಇನ್ನು ನಿಮ್ಮ ಗೆಳೆಯ ನಕ್ಕರಲ್ಲ, ಅವರಿಗೆ ಒಂದು ಲೆಕ್ಕ. ಕ್ರಿ.ಪೂ. 52ರಲ್ಲಿ ಗೆರ್ಗೋವಿಯಾದಲ್ಲಿ ಸೀಸರ್ ಏಟು ತಿಂದ. ಸತ್ತವರು 700ಕ್ಕೆ ಸ್ವಲ್ಪ ಕಡಿಮೆ ಸೈನಿಕರು, 46 ಸೆಂಚುರಿಯನ್‌ಗಳು. 80 ಜನಕ್ಕೆ ಒಬ್ಬ ಸೆಂಚುರಿಯನ್ ಅಂದರೆ 700 ಜನಕ್ಕೆ 9 ಜನ ಸಾಯಬೇಕಿತ್ತು. ಸತ್ತದ್ದು ಅದರ ಐದು ಪಟ್ಟು. ಹಿಂದೆ ನಿಂತವರು ಹೀಗೆ ಸಾಯುವುದಿಲ್ಲ.

ಹಳೇಕತ್ತಿ:

ಈಗ ನನ್ನ ಸರದಿ :) 80 ಅನ್ನುವುದು ಕಾಗದದ ಮೇಲಿನ ಲೆಕ್ಕ. ಯುದ್ಧದಲ್ಲಿ ತುಕಡಿಗಳು ಯಾವಾಗಲೂ ಪೂರ್ತಿ ಇರುತ್ತಿರಲಿಲ್ಲ. ಕ್ರಿ.ಪೂ. 48ರಲ್ಲಿ ಪಾಂಪೆ ವಿರುದ್ಧ ಫಾರ್ಸಲಸ್‌ನಲ್ಲಿ ಸೀಸರ್‌ನ ಕಡೆ 80 ಕೊಹಾರ್ಟ್, 22,000 ಜನ. ಒಂದು ಕೊಹಾರ್ಟ್‌ಗೆ 275, ಅದರಲ್ಲಿ ಆರು ತುಕಡಿ, ಅಂದರೆ ಒಬ್ಬ ಸೆಂಚುರಿಯನ್ ಹಿಂದೆ ಸುಮಾರು 46 ಜನ ಮಾತ್ರ.

ಕಲ್ಲುಬರಹ:

ಸರಿ, ನಿಮ್ಮ ಲೆಕ್ಕವನ್ನೇ ಹಿಡಿಯೋಣ. ಅದೇ ಫಾರ್ಸಲಸ್‌ನಲ್ಲಿ ಸೀಸರ್ ಕಳೆದುಕೊಂಡದ್ದು 200 ಸೈನಿಕರು, 30 ಸೆಂಚುರಿಯನ್‌ಗಳು. 46ಕ್ಕೆ ಒಬ್ಬ ಇರಬೇಕಾದ ಕಡೆ ಏಳು ಜನಕ್ಕೆ ಒಬ್ಬ. ಅದೂ ಗೆದ್ದ ಯುದ್ಧದಲ್ಲಿ! ಲೆಕ್ಕ ತಿದ್ದಿದ್ದಕ್ಕೆ ನನ್ನ ಮಾತೇ ಗಟ್ಟಿಯಾಯಿತು, ಥ್ಯಾಂಕ್ಸ್.

ಆದರೆ ಒಂದು ವಿಷಯ. ಮುಂದೆ ಇರುತ್ತಿದ್ದರು ಅಂದಮಾತ್ರಕ್ಕೆ ಕಣ್ಣು ಮುಚ್ಚಿ ನುಗ್ಗುವವರು ಅಂತಲ್ಲ. ರೋಮನ್ನರು ಸೆಂಚುರಿಯನ್ ಆರಿಸುವಾಗ ದುಡುಕುವವನನ್ನಲ್ಲ, ಕಾಲೂರಿ ನಿಲ್ಲುವವನನ್ನು ನೋಡುತ್ತಿದ್ದರು ಅಂತ ಪಾಲಿಬಿಯಸ್ ಬರೆಯುತ್ತಾನೆ. ನಿಮ್ಮ ನಾಯಕ ನುಗ್ಗಲಿ, ತಪ್ಪಿಲ್ಲ, ಆದರೆ ಸಾಲು ಮುರಿಯುವ ಹೊತ್ತಿನಲ್ಲಿ ನಿಂತಲ್ಲೇ ನಿಂತು ಸಾಯುವ ಸೆಂಚುರಿಯನ್‌ನ ಒಂದು ಪುಟವೂ ಇದ್ದರೆ ಚೆನ್ನ. ಮತ್ತೆ ಸಾಲಿನ ಹಿಂದೆ ಒಬ್ಬ ಆಪ್ಟಿಯೋನನ್ನು ಬಿಡಿಸುವುದು ಮರೆಯಬೇಡಿ. ಸೆಂಚುರಿಯನ್ ನಂತರದವನು ಅವನೇ. ಕೈಯಲ್ಲಿ ಉದ್ದನೆಯ ಕೋಲು, ತುದಿಗೆ ಗುಂಡು. ಹಿಂದೆ ಜಾರುವವರನ್ನು ಸಾಲಿಗೆ ತಳ್ಳುವ ಕೆಲಸ. ಮುಂದೆ ಒಬ್ಬ ಎಳೆಯುತ್ತಾನೆ, ಹಿಂದಿನಿಂದ ಒಬ್ಬ ತಳ್ಳುತ್ತಾನೆ, ನಡುವೆ ಸಿಕ್ಕವನ ಪಾಡು ದೇವರಿಗೇ ಪ್ರೀತಿ.

ನಿದ್ದೆಗೇಡಿ:

ಹಾಗಾದರೆ ಕುದುರೆ ಮೇಲೆ ಕೂತು ಕೈ ತೋರಿಸುವವರು ಯಾರು?

ಹಳೇಕತ್ತಿ:

ಲೆಗೇಟ್‌ಗಳು, ಟ್ರಿಬ್ಯೂನ್‌ಗಳು, ಅಂದರೆ ಸೆಂಚುರಿಯನ್‌ಗಿಂತ ಮೇಲಿನ ಅಧಿಕಾರಿಗಳು. ಗೆರೆಗಾರರ ಗೆಳೆಯರ ತಲೆಯಲ್ಲಿರುವ ಚಿತ್ರ ಇವರದು. ಎದೆ, ಹೊಟ್ಟೆಯ ಮಾಂಸಖಂಡಗಳನ್ನು ಕೆತ್ತಿದ ಹಾಗೆ ಮಾಡಿದ ಕವಚ, ಸೊಂಟಕ್ಕೆ ಗಂಟು ಹಾಕಿದ ಪಟ್ಟಿ, ಭುಜದ ಮೇಲೆ ಹೊದಿಕೆ. ಒಂದು ಲೀಜನ್‌ಗೆ ಆರು ಟ್ರಿಬ್ಯೂನ್‌ಗಳು. ಒಳ್ಳೆ ಮನೆತನದ ಹುಡುಗರು, ಕೆಲವರು ಯುದ್ಧ ನೋಡಿಯೇ ಇರುತ್ತಿರಲಿಲ್ಲ. ಕ್ರಿ.ಪೂ. 58ರಲ್ಲಿ ಗಾಲ್‌ನ ವೆಸೊಂಶಿಯೊ ಊರಿನಲ್ಲಿ ಜರ್ಮನ್ನರು ಭಾರಿ ಎತ್ತರದ ಆಳುಗಳು ಅಂತ ಗಾಳಿಮಾತು ಹಬ್ಬಿತು. ಮೊದಲು ಹೆದರಿದ್ದು ಇವರೇ. ಕೆಲವರು ಏನೋ ನೆಪ ಹೇಳಿ ಊರಿಗೆ ಹೋಗಲು ರಜ ಕೇಳಿದರು, ನಾಚಿಕೆಯಿಂದ ಉಳಿದವರು ಡೇರೆಯೊಳಗೆ ಕೂತು ಅತ್ತರು, ಪಾಳೆಯದ ತುಂಬ ಉಯಿಲು ಬರೆಯುವ ಕೆಲಸ ನಡೆಯಿತು.

ಎಲ್ಲರೂ ಹಾಗಿರಲಿಲ್ಲ, ಅದನ್ನೂ ಹೇಳಬೇಕು. ಹ್ಯಾನಿಬಲ್ ವಿರುದ್ಧದ ಕ್ಯಾನೆ ಯುದ್ಧದಲ್ಲಿ, ಕ್ರಿ.ಪೂ. 216ರಲ್ಲಿ, 29 ಟ್ರಿಬ್ಯೂನ್‌ಗಳು ಸತ್ತರು ಅಂತ ಲಿವಿ ಬರೆಯುತ್ತಾನೆ. ಕಾನ್ಸಲ್ (ರೋಮ್‌ನ ಅತ್ಯುನ್ನತ ಅಧಿಕಾರಿ) ಪಾವ್ಲಸ್ ಕೂಡ ಅಲ್ಲೇ ಸತ್ತ. ಕ್ರಿ.ಪೂ. 57ರಲ್ಲಿ ಸಾಬಿಸ್ ನದಿ ಹತ್ತಿರ ಸಾಲು ಒಡೆಯುವ ಹೊತ್ತಿಗೆ ಸೀಸರ್ ಗುರಾಣಿ ಇಲ್ಲದೆ ಬಂದಿದ್ದ, ಹಿಂದಿನ ಸಾಲಿನ ಒಬ್ಬ ಸೈನಿಕನ ಕೈಯಿಂದ ಗುರಾಣಿ ಕಿತ್ತುಕೊಂಡು ಮುಂದಿನ ಸಾಲಿಗೆ ಹೋದ. ಹೋಗಿ ಮಾಡಿದ ಮೊದಲ ಕೆಲಸ ಸೆಂಚುರಿಯನ್‌ಗಳನ್ನು ಹೆಸರು ಹಿಡಿದು ಕೂಗಿದ್ದು. ಅಷ್ಟು ಹೊತ್ತಿಗೆ ನಾಲ್ಕನೇ ಕೊಹಾರ್ಟ್‌ನ ಎಲ್ಲ ಸೆಂಚುರಿಯನ್‌ಗಳೂ ಸತ್ತಿದ್ದರು. ಪಾಪ, ಆ ಗುರಾಣಿ ಕಳೆದುಕೊಂಡ ಸೈನಿಕನ ಗತಿ ಏನಾಯಿತೋ, ಸೀಸರ್ ಬರೆದಿಲ್ಲ.

ನಿದ್ದೆಗೇಡಿ:

ಸುಮ್ನೆ ಒಂದು ಕೊಂಕು. ರೋಮನ್ ಸೈನಿಕರ ಉದ್ದ ಕತ್ತಿ ಎಡಕ್ಕೆ, ಗಿಡ್ಡದು ಬಲಕ್ಕೆ ಅಂತ ಜೋಸೆಫಸ್ ಬರೆದಿದ್ದಾನಲ್ಲ? ಅವನು ಕಣ್ಣಾರೆ ನೋಡಿದವನು.

ಕಲ್ಲುಬರಹ:

ಹೌದು, ಬರೆದಿದ್ದಾನೆ. ಆದರೆ ಸಾಮಾನ್ಯ ಸೈನಿಕರ ಸಮಾಧಿ ಕಲ್ಲುಗಳಲ್ಲಿ ಕತ್ತಿ ಮತ್ತೆ ಮತ್ತೆ ಬಲಕ್ಕೇ ಇದೆ. ಸತ್ತವನ ಕತ್ತಿ ಯಾವ ಕಡೆ ಇತ್ತು ಅಂತ ಕಲ್ಲು ಕೆತ್ತಿಸಿದವರಿಗೆ ಗೊತ್ತಿರುತ್ತಿತ್ತು. ನಾನು ಕಲ್ಲಿನ ಪಕ್ಷ, ಹೆಸರು ನೋಡಿದರೆ ಗೊತ್ತಾಗುವುದಿಲ್ವಾ?

ಗೆರೆಗಾರ:

ನಾಲ್ಕನೇ ಸಲ ಅಳಿಸಿದೆ. ಈಗ ಅವನಿಗೆ ಐವತ್ತು ದಾಟಿದೆ. ಸರಪಳಿ ಕವಚ, ಅಡ್ಡ ತುರಾಯಿ, ಎಡಕ್ಕೆ ಕತ್ತಿ, ಪದಕ ತೆಗೆದೆ. ಗುರಾಣಿಯಲ್ಲಿ ತೂತು ಹಾಕಲು ಶುರು ಮಾಡಿ 34ಕ್ಕೆ ಬಂದಿದ್ದೇನೆ, 120 ಆಗುವಾಗ ಬೆಳಗಾಗುತ್ತದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಲಾ?

ಕಲ್ಲುಬರಹ:

ಕಟ್ಟಿ. ಸ್ಕೇವಾ ಒಂದು ಕಣ್ಣು ಕಳೆದುಕೊಂಡ ಅಂತ ಸ್ಯೂಟೋನಿಯಸ್ ಬರೆದಿದ್ದಾನೆ, ತೊಡೆ, ಭುಜಕ್ಕೂ ಗಾಯ. ಆದರೆ ಅದು ಗಾಲ್ ಯುದ್ಧ ಮುಗಿದ ಮೇಲೆ. ನಿಮ್ಮ ಕಥೆ ಗಾಲ್‌ನಲ್ಲೇ ಮುಗಿಯುವುದಾದರೆ ಕಣ್ಣು ಇನ್ನೂ ಇರಲಿ, ತೂತುಗಳೂ ಇನ್ನೂ ಆಗಿಲ್ಲ.

ಗೆರೆಗಾರ:

ಮೊದಲೇ ಹೇಳಬಾರದಿತ್ತಾ!