ನಗರದ ಪಕ್ಕದ ಸಣ್ಣ ಊರಿಗೆ ಹೋಗಬೇಕೋ, ಬೇಡವೋ?

ಓದುಗರೊಬ್ಬರ ಸಮಸ್ಯೆ: ನಾವಿಬ್ಬರೂ ನಗರದಲ್ಲಿ ಕೆಲಸದಲ್ಲಿದ್ದೇವೆ. ಪಕ್ಕದಲ್ಲೇ ಒಂದು ಸಣ್ಣ ಊರು ಬೆಳೆಯುತ್ತಿದೆ. ಅಲ್ಲಿ ಮನೆ ಮಾಡೋಣ ಅಂತ ನನಗೆ ಆಸೆ. ದಿನವೆಲ್ಲ ಓಡಾಟವೇ ಆಗಿಬಿಡುತ್ತೆ ಅಂತ ನನ್ನ ಗಂಡ ಒಪ್ಪುತ್ತಿಲ್ಲ. ಮಗಳಿಗೆ ಎಂಟು ವರ್ಷ. ಏನು ಮಾಡಲಿ?

ಓದುಗರ ಸ್ಪಂದನ

ಸೋದರಿ, ನಾನು ಇಂಥದೇ ಊರಿನಲ್ಲಿದ್ದೇನೆ. ಜಾಗ, ಗಾಳಿ, ಕಡಿಮೆ ಗದ್ದಲ ಎಲ್ಲ ಸರಿ, ಆದರೆ ನನ್ನನ್ನು ಹಿಡಿದಿಟ್ಟಿದ್ದು ಬೇರೆಯೇ. ಬೆಳೆಯುತ್ತಿರುವ ಊರಿನಲ್ಲಿ ಹೊಸಬರು ಬಹಳ ದಿನ ಹೊರಗಿನವರಾಗಿ ಉಳಿಯುವುದಿಲ್ಲ. ಬೀದಿಯ ಅರ್ಧ ಜನ ನಿಮ್ಮ ಹಾಗೆ ಈಗಷ್ಟೇ ಬಂದವರು. ಅವರಿಗೂ ಪರಿಚಯ ಬೇಕಾಗಿರುತ್ತದೆ. ಶಾಲೆಯ ಪೋಷಕರ ಸಭೆಯಲ್ಲಿ, ಗ್ರಂಥಾಲಯದಲ್ಲಿ ನಿಮ್ಮ ಕೈಗೂ ಕೆಲಸ ಇರುತ್ತದೆ. ಮಗಳು ಗೆಳತಿಯ ಮನೆಗೆ ನಡೆದುಕೊಂಡೇ ಹೋಗಬಹುದು. ಅವಳು ಯಾರ ಮಗಳು ಅಂತ ದಾರಿಯಲ್ಲಿ ನಾಲ್ಕು ಜನಕ್ಕೆ ಗೊತ್ತಿರುತ್ತದೆ. ಇದಕ್ಕಿಂತ ದೊಡ್ಡ ನೆಮ್ಮದಿ ಯಾವುದಿದೆ ಹೇಳಿ?

ಆದರೆ ಇದೆಲ್ಲ ನಡೆಯುವುದು ಹಗಲಲ್ಲಿ. ಇಬ್ಬರೂ ಬೆಳಕು ಹರಿಯುವ ಮೊದಲೇ ಹೊರಟು ಕತ್ತಲಾದ ಮೇಲೆ ಬರುವುದಾದರೆ ಆ ಊರು ನಿಮಗೆ ಮಲಗುವ ಜಾಗ ಅಷ್ಟೇ. ಹಾಗಾಗಿ ನಿಮ್ಮವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಜನ ಯಾವ ಕಾಲದಲ್ಲೂ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟೇ ಓಡಾಟಕ್ಕೆ ಕೊಡುತ್ತಾರೆ ಅಂತ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದರು. ನಡೆದೇ ಓಡಾಡುತ್ತಿದ್ದ ಕಾಲದ ನಗರಗಳು ಸುಮಾರು 5 ಕಿಲೋಮೀಟರ್ ಅಗಲಕ್ಕೆ ನಿಂತಿದ್ದು ಅದಕ್ಕೇ ಅಂತೆ. ವಾಹನದ ವೇಗ ಹೆಚ್ಚಿದಾಗ ಜನ ದೂರ ಹೋದರು, ದಾರಿಯ ಸಮಯ ಮಾತ್ರ ಕಡಿಮೆಯಾಗಲಿಲ್ಲ. ಆದ್ದರಿಂದ ಕಿಲೋಮೀಟರ್ ಬಿಡಿ, ಗಡಿಯಾರ ನೋಡಿ. ಮನೆ ಬಾಗಿಲಿನಿಂದ ಕಚೇರಿ ಬಾಗಿಲಿಗೆ ಹೋಗಿ ಬರಲು ಒಂದು, ಒಂದೂವರೆ ಗಂಟೆ ಸಾಕಾದರೆ ಧೈರ್ಯವಾಗಿ ಹೋಗಿ. ಮೂರು ಗಂಟೆ ಬೇಕಾದರೆ ನಿಮ್ಮವರ ಮಾತೇ ಸರಿ. ಇಬ್ಬರಲ್ಲಿ ಒಬ್ಬರಿಗೆ ಆ ಊರಲ್ಲೇ ಕೆಲಸ ಸಿಕ್ಕರೂ, ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡುವಂತಾದರೂ ಲೆಕ್ಕ ಪೂರ್ತಿ ಬದಲಾಗುತ್ತದೆ.
— ಒಬ್ಬ ಓದುಗಿ

ಮೇಡಂ, ನಿಮ್ಮ ಆಸೆ ಹೊಸದೇನಲ್ಲ. ನಗರದ ಅನುಕೂಲ, ಹಳ್ಳಿಯ ಬಯಲು ಎರಡೂ ಒಂದೇ ಕಡೆ ಸಿಗಬೇಕು ಅಂತ ಇಂಗ್ಲೆಂಡಿನ ಎಬೆನೆಜರ್ ಹೋವರ್ಡ್ 1898ರಲ್ಲೇ ವಾದಿಸಿದ್ದರು. ಅವರ ಲೆಕ್ಕದಲ್ಲಿ ಒಂದು ಊರಿಗೆ 32,000 ಜನ, 6,000 ಎಕರೆ. ಅದರಲ್ಲಿ 5,000 ಎಕರೆ ಹೊಲ, ಬಯಲು. ಊರು ತುಂಬಿದರೆ ಬಯಲನ್ನು ನುಂಗಬಾರದು, ಆಚೆ ಇನ್ನೊಂದು ಊರು ಕಟ್ಟಬೇಕು. 1903ರಲ್ಲಿ ಲೆಚ್‌ವರ್ತ್ ಎಂಬ ಊರು ಈ ಯೋಚನೆಯಿಂದಲೇ ಶುರುವಾಯಿತು. ಅಲ್ಲಿ ಮನೆಗಳ ಜೊತೆ ಕಾರ್ಖಾನೆಗಳಿಗೂ ಜಾಗ ಇಟ್ಟಿದ್ದರು.

ನೀವು ನೋಡಿರುವ ಊರಿನ ಸುತ್ತ ಅಂಥ ಬಯಲು ಉಳಿಯುತ್ತದಾ? ಕಿಟಕಿಯಿಂದ ಹಸಿರು ಕಂಡಿತು ಅಂತ ಮನೆ ಕೊಳ್ಳಬೇಡಿ. ಪುರಸಭೆಗೆ ಹೋಗಿ ಯೋಜನೆಯ ನಕ್ಷೆ ಕೇಳಿ. ಆ ಹಸಿರು ಜಾಗಕ್ಕೆ ಅದರಲ್ಲಿ ಏನು ಗುರುತು ಹಾಕಿದ್ದಾರೆ ನೋಡಿ. ಮನೆಗಳು ಎದ್ದಷ್ಟು ಬೇಗ ಚರಂಡಿ, ನೀರಿನ ಪೈಪು ಬರುವುದಿಲ್ಲ. ಅದನ್ನೂ ಕೇಳಿ.
— ಇನ್ನೊಬ್ಬ ಓದುಗ

ಅಕ್ಕಾ, ಮೊದಲು ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ರಾತ್ರಿ ಹುಷಾರು ತಪ್ಪಿದರೆ ವೈದ್ಯರು ಸಿಗುತ್ತಾರಾ, ಕಡೇ ಬಸ್ಸು ಎಷ್ಟು ಹೊತ್ತಿಗೆ, ಎಲ್ಲ ಆಗ ಗೊತ್ತಾಗುತ್ತೆ. ಎಂಟು ವರ್ಷದ ಮಗುವಿಗೆ ಆ ಊರು ಸ್ವರ್ಗ. ಹದಿನಾರಕ್ಕೆ ಕಾಲೇಜು, ಗೆಳೆಯರು, ಸಂಜೆಯ ಕಾರ್ಯಕ್ರಮ ಎಲ್ಲ ನಗರದಲ್ಲೇ ಇರಬಹುದು. ಈಗ ಅಲ್ಲಿರುವ ಕಾಲೇಜು ಹುಡುಗಿಯರನ್ನೇ ಮಾತಾಡಿಸಿ. ಅವರು ಮುಚ್ಚುಮರೆ ಇಲ್ಲದೆ ಹೇಳ್ತಾರೆ. ನಿಮ್ಮವರನ್ನೂ ಜೊತೆಗೆ ಕರೆದುಕೊಂಡು ಹೋಗಿ.
— ಕಾಲೇಜು ವಿದ್ಯಾರ್ಥಿನಿ