ಊರಿಂದ 2 ಕಿ.ಮೀ. ದೂರದಲ್ಲಿ ವಿಮಾನ ನಿಲ್ದಾಣ: ಸದ್ದಿನ ನಕ್ಷೆ ಓದೋದು ಹೇಗೆ, ಆಲಿಕೆ ಸಭೆಯಲ್ಲಿ ಏನು ಕೇಳಬೇಕು?

ಹೊಲದಂಚು:
ದಾವಣಗೆರೆಗೆ ವಿಮಾನ ನಿಲ್ದಾಣ ಬೇಕು ಅನ್ನೋ ಮಾತು ಎಷ್ಟೋ ವರ್ಷದಿಂದ ಕೇಳ್ತಾ ಇದೀವಿ. ಜಾಗ ಯಾವುದೇ ಆಗಲಿ, ಸುತ್ತ ಹಳ್ಳಿಗಳಂತೂ ಇದ್ದೇ ಇರ್ತವೆ. ನಮ್ಮ ಊರಿಂದ ರನ್‌ವೇ 2 ಕಿ.ಮೀ. ದೂರ ಅಂತ ಇಟ್ಕೊಳ್ಳಿ. ಹಂಚಿನ ಮನೆ, ಶೀಟ್ ಮನೆಗಳೇ ಜಾಸ್ತಿ, ಒಂದು ಪ್ರೌಢಶಾಲೆ ಇದೆ. ತಿಳಿದವರು ಹೇಳಿ: 1) ಸದ್ದು ಎಷ್ಟಿರುತ್ತೆ? 2) ಕಾನೂನಿನ ಮಿತಿ ಎಷ್ಟು? 3) ಆಲಿಕೆ ಸಭೆಯಲ್ಲಿ (ಯೋಜನೆ ಬಗ್ಗೆ ಊರವರ ಅಹವಾಲು ಕೇಳೋ ಸಭೆ) ಕೇಳಲೇಬೇಕಾದ್ದು ಏನು? "ದಿನಕ್ಕೆ ನಾಲ್ಕಾರು ವಿಮಾನ ಅಷ್ಟೆ, ಏನಾಗಲ್ಲ" ಅಂತಾರೆ. ಅದು ನಿಜಾನಾ?

ಲಾಗ್‌ಟೇಬಲ್:
"2 ಕಿ.ಮೀ." ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ದಿಕ್ಕಿಗೆ 2 ಕಿ.ಮೀ. ಅನ್ನೋದು ಮೊದಲು ಗೊತ್ತಾಗಬೇಕು.

ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತೆ. ನೆಲ ಮುಟ್ಟುವ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಸುಮಾರು 52 ಮೀಟರ್ ಎತ್ತರ. ನೆಲ ಮುಟ್ಟೋದು ರನ್‌ವೇ ತುದಿ ದಾಟಿ ಹೆಚ್ಚು ಕಡಿಮೆ 300 ಮೀಟರ್ ಮುಂದೆ. ರನ್‌ವೇ ಗೆರೆಯನ್ನೇ ಊರ ಕಡೆ ಉದ್ದಕ್ಕೆ ಎಳೆದಾಗ ಅದರ ಮೇಲೆ 2 ಕಿ.ಮೀ.ಗೆ ನಿಮ್ಮ ಮನೆ ಬಂದರೆ, ವಿಮಾನ ಹಂಚಿನ ಮೇಲೆ ಸುಮಾರು 120 ಮೀಟರಲ್ಲಿ (2.3 ಕಿ.ಮೀ. × 52) ಹೋಗುತ್ತೆ. ಅದೇ 2 ಕಿ.ಮೀ. ರನ್‌ವೇಯ ಪಕ್ಕಕ್ಕಿದ್ದರೆ, ವಿಮಾನ ಅತಿ ಹತ್ತಿರ ಬಂದಾಗಲೂ 2,000 ಮೀಟರ್ ದೂರವೇ. ಸದ್ದು ಹರಡಿ ಕಡಿಮೆಯಾಗುವ ಲೆಕ್ಕ ಒಂದರಿಂದಲೇ ಗರಿಷ್ಠ ಮಟ್ಟದಲ್ಲಿ ಸುಮಾರು 24 ಡೆಸಿಬಲ್ ವ್ಯತ್ಯಾಸ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತೆ, ಇನ್ನು 24 ಎಷ್ಟು ಅಂತ ನೀವೇ ನೋಡಿ. ಒಂದು ಊರಲ್ಲಿ ಮೇಷ್ಟ್ರು ಪಾಠ ನಿಲ್ಲಿಸಬೇಕು, ಇನ್ನೊಂದರಲ್ಲಿ ಯಾರೂ ತಲೆ ಎತ್ತಿ ನೋಡಲ್ಲ.

ದಿಕ್ಕು ತೀರ್ಮಾನ ಮಾಡೋದು ಗಾಳಿ. ವಿಮಾನ ಹಾರೋದೂ ಇಳಿಯೋದೂ ಗಾಳಿಗೆ ಎದುರಾಗಿ. ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ. ರನ್‌ವೇ ಹೆಚ್ಚು ಕಡಿಮೆ ಪೂರ್ವ-ಪಶ್ಚಿಮ ಆದರೆ ಆ ತಿಂಗಳುಗಳಲ್ಲಿ ಇಳಿಯೋ ಸದ್ದು ಪೂರ್ವದ ಊರಿಗೆ, ಹಾರೋ ಸದ್ದು ಪಶ್ಚಿಮದ ಊರಿಗೆ.

ಈಗ "ನಾಲ್ಕಾರು ವಿಮಾನ" ವಿಷಯ. ಮಿತಿ ಇರೋದು ಎಲ್‌ಇಕ್ಯೂನಲ್ಲಿ, ಅಂದರೆ ಇಡೀ ಅವಧಿಗೆ ಹಂಚಿದ ಶಕ್ತಿಯ ಸರಾಸರಿ. ಒಂದು ಹಾರಾಟದ ಒಟ್ಟು ಶಕ್ತಿಯನ್ನು ಒಂದು ಸೆಕೆಂಡಿಗೆ ತಂದು ಹೇಳೋ ಅಳತೆ ಎಸ್‌ಇಎಲ್. ಲೆಕ್ಕಕ್ಕೆ ಅದು 90 ಡೆಸಿಬಲ್ ಅಂತ ಹಿಡಿಯೋಣ. ಹಗಲು 16 ಗಂಟೆ, ಅಂದರೆ 57,600 ಸೆಕೆಂಡ್. ಡೆಸಿಬಲ್ ಲಾಗರಿದಮ್ ಅಳತೆ, ಹಾಗಾಗಿ ಸೆಕೆಂಡಿಂದ ಭಾಗಿಸೋ ಬದಲು ಅದರ 10 ಲಾಗ್ ಕಳೀಬೇಕು: 47.6. ಆರು ಹಾರಾಟಕ್ಕೆ ಗುಣಿಸೋ ಬದಲು 10 ಲಾಗ್ 6 = 7.8 ಕೂಡಿಸಬೇಕು.

90 + 7.8 − 47.6 = 50.2

ವಸತಿ ಪ್ರದೇಶದ ಹಗಲಿನ ಮಿತಿ 55. ಯೋಜನೆಯ ಪರಿಸರ ಪರಿಣಾಮ ವರದಿಯಲ್ಲಿ "ಮಿತಿಯೊಳಗಿದೆ" ಅಂತ ಬರೀತಾರೆ, ಅದು ಸುಳ್ಳೂ ಅಲ್ಲ. ಆದರೆ ದಿನಕ್ಕೆ ಆರು ಸಲ ಮಾತು ಕೇಳದಂತಾಗೋದು ಈ ಅಂಕಿಯಲ್ಲಿ ಎಲ್ಲೂ ಕಾಣಲ್ಲ. ಸರಾಸರಿ ಅನ್ನೋದು ಮಜ್ಜಿಗೆ ಇದ್ದಂಗೆ, ನೀರು ಹೆಚ್ಚಿದಷ್ಟೂ ಹುಳಿ ಗೊತ್ತಾಗಲ್ಲ.

ರಾತ್ರಿಗೆ ಇದೇ ಲೆಕ್ಕ ಹಾಕಿ. 8 ಗಂಟೆ, 28,800 ಸೆಕೆಂಡ್, 10 ಲಾಗ್ 44.6. ಒಂದೇ ಒಂದು ವಿಮಾನ: 90 − 44.6 = 45.4. ವಸತಿಯ ರಾತ್ರಿ ಮಿತಿ 45. ಒಂದೇ ಹಾರಾಟಕ್ಕೆ ಗೆರೆ ದಾಟಿತು! ಹಾಗಾಗಿ "ದಿನಕ್ಕೆ ಎಷ್ಟು" ಅಂತ ಕೇಳೋದಕ್ಕಿಂತ "ರಾತ್ರಿ 10ರಿಂದ ಬೆಳಿಗ್ಗೆ 6ರ ಒಳಗೆ ಎಷ್ಟು" ಅಂತ ಕೇಳಿ. ಬೆಂಗಳೂರಿಗೆ ಮೊದಲ ವಿಮಾನ 6:05ಕ್ಕೋ 5:50ಕ್ಕೋ ಅನ್ನೋದರ ಮೇಲೆ ಇಡೀ ಸದ್ದಿನ ನಕ್ಷೆಯೇ (ಒಂದೇ ಮಟ್ಟದ ಸದ್ದಿರೋ ಜಾಗಗಳನ್ನ ಗೆರೆ ಎಳೆದು ತೋರಿಸೋ ನಕ್ಷೆ) ಬದಲಾಗುತ್ತೆ.

ಕೋಟೆಕಲ್ಲು:
ಲಾಗ್‌ಟೇಬಲ್ ಹೇಳಿದ್ದಕ್ಕೆ ಬಿಸಿಲನ್ನೂ ಸೇರಿಸಬೇಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್. ಏಪ್ರಿಲ್‌ನಲ್ಲಿ 38 ಡಿಗ್ರಿ ಇರುವಾಗ ಗಾಳಿ ಎಷ್ಟು ತೆಳುವಾಗುತ್ತೆ ಅಂದರೆ, ವಿಮಾನದ ಪಾಲಿಗೆ ಅದು ಸುಮಾರು 1,600 ಮೀಟರ್ ಎತ್ತರದ ಊರು. ಚಿತ್ರದುರ್ಗ ಇನ್ನೂ ಎತ್ತರ. ಎಂಜಿನ್‌ಗೆ ಬಲ ಕಡಿಮೆ, ಏರೋದು ನಿಧಾನ, ಹಾರುವ ಕಡೆಯ ಊರುಗಳ ಮೇಲೆ ತಗ್ಗಿನಲ್ಲೇ ಹೆಚ್ಚು ದೂರ ಹೋಗುತ್ತೆ. ನಕ್ಷೆ ಮಾಡೋ ತಂತ್ರಾಂಶಕ್ಕೆ ಯಾವ ಉಷ್ಣಾಂಶ ಕೊಟ್ಟಿದ್ದಾರೆ ಕೇಳಿ. ವಾರ್ಷಿಕ ಸರಾಸರಿ ಕೊಟ್ಟಿದ್ದರೆ ಬೇಸಿಗೆ ಮಧ್ಯಾಹ್ನದ ಸದ್ದು ಕಾಗದದ ಮೇಲೆ ಕಡಿಮೆಯೇ ಬರುತ್ತೆ.

ಚಳಿಗಾಲದ ನಸುಕಿನದು ಬೇರೆ ಸಮಸ್ಯೆ. ನೆಲದ ಹತ್ತಿರ ತಣ್ಣಗೆ, ಮೇಲೆ ಬೆಚ್ಚಗೆ ಇದ್ದಾಗ ಸದ್ದು ಮತ್ತೆ ನೆಲದ ಕಡೆಗೇ ಬಾಗುತ್ತೆ. ರನ್‌ವೇ ಮೇಲಿನ ಎಂಜಿನ್ ಸದ್ದು ಪಕ್ಕದ ಊರಿಗೂ ಸಲೀಸಾಗಿ ತಲುಪುತ್ತೆ.

ಕಡತದವ:
ಕಾನೂನಿನ ಭಾಗ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿಗೆ ಹಗಲು 55, ರಾತ್ರಿ 45. ಶಾಲೆ, ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಘೋಷಿಸಿದ್ದರೆ 50/40. ವಿಮಾನ ನಿಲ್ದಾಣದ ಶಬ್ದ ವಲಯಕ್ಕೆ 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರತ್ಯೇಕ ಮಿತಿ ತಂದಿತು: ವರ್ಷಕ್ಕೆ 50,000 ಮೀರಿ ಹಾರಾಟ ಇರುವ ನಿಲ್ದಾಣಕ್ಕೆ 70/65, ಉಳಿದವಕ್ಕೆ 65/60. ಆ ಕೋಷ್ಟಕ ಪ್ರಸ್ತಾವಿತ ನಿಲ್ದಾಣಗಳನ್ನು ಹೊರಗಿಟ್ಟಿದೆ, ಇದನ್ನ ಬಹಳ ಜನ ಗಮನಿಸಲ್ಲ. ವರದಿಯಲ್ಲಿ 65/60 ಹಾಕಿ "ಮಿತಿಯೊಳಗೆ" ಅಂದಿದ್ದರೆ 55/45ಕ್ಕೆ ಹೋಲಿಸಿ ಅಂತ ಲಿಖಿತವಾಗಿ ಆಕ್ಷೇಪಿಸಿ.

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ವಾಣಿಜ್ಯ ಬಳಕೆಯ ವಿಮಾನ ನಿಲ್ದಾಣ 'ಎ' ವರ್ಗ, ಅಂದರೆ ಕೇಂದ್ರದ ಅನುಮತಿ ಬೇಕಾದದ್ದು. ಆಲಿಕೆ ನಡೆಸೋದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿಗಳದ್ದು ಅಥವಾ ಅವರ ಪ್ರತಿನಿಧಿಯದ್ದು. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಸಿಗುತ್ತೆ, ಸಾರಾಂಶ ಕನ್ನಡದಲ್ಲೂ ಇರಬೇಕು. ಸಾರಾಂಶದಲ್ಲಿ ಶಬ್ದಕ್ಕೆ ಎರಡು ಸಾಲು ಇದ್ದರೆ ಹೆಚ್ಚು. ಪೂರ್ತಿ ವರದಿಯನ್ನೇ ತೆಗೆಸಿ ನೋಡಿ.

ಕೇಳಬೇಕಾದ್ದು: ನಕ್ಷೆ ಯಾವ ವರ್ಷದ ಹಾರಾಟಕ್ಕೆ, ಯಾವ ವಿಮಾನಕ್ಕೆ? ಶಿವಮೊಗ್ಗದ ಸೋಗಾನೆಯಲ್ಲಿ ರನ್‌ವೇ 3,200 ಮೀಟರ್. 2023ರ ಆಗಸ್ಟ್ 31ರಂದು ಅಲ್ಲಿ ಸೇವೆ ಶುರುವಾಗಿದ್ದು ಎಟಿಆರ್‌ನಿಂದ (ಪ್ರೊಪೆಲರ್ ಇರೋ ಸಣ್ಣ ವಿಮಾನ), ಆದರೆ ಅಷ್ಟು ಉದ್ದ ಇರೋದು ಏರ್‌ಬಸ್, ಬೋಯಿಂಗ್ ಜೆಟ್‌ಗಳಿಗೆ. ಇಲ್ಲೂ ಅಷ್ಟೇ ಉದ್ದದ ರನ್‌ವೇ ಕೇಳಿ, ನಕ್ಷೆಯನ್ನು ಮಾತ್ರ ಎಟಿಆರ್‌ಗೆ ಮಾಡಿದ್ದರೆ ಒಪ್ಪಬೇಡಿ.

ಇನ್ನೊಂದು: ಕಟ್ಟಡದ ಎತ್ತರಕ್ಕೆ ಕೊಡೋ ಎನ್‌ಒಸಿಗೂ ಶಬ್ದಕ್ಕೂ ಸಂಬಂಧ ಇಲ್ಲ. ಲೇಔಟ್‌ನವರು "ಏರ್‌ಪೋರ್ಟ್ ಎನ್‌ಒಸಿ ಇದೆ" ಅಂತ ಸೈಟ್ ಮಾರ್ತಾರೆ. ಅದರ ಅರ್ಥ ಕಟ್ಟಡ ವಿಮಾನಕ್ಕೆ ಅಡ್ಡ ಬರಲ್ಲ ಅಂತ ಮಾತ್ರ. ನಕ್ಷೆಯಲ್ಲಿರೋ ಶಬ್ದದ ಗೆರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಗೆ ಸೇರಬೇಕು. ಗೆರೆಯೊಳಗೆ ಗೋದಾಮು, ಕೈಗಾರಿಕೆ, ಹೊಲ ಇರಲಿ. ಶಾಲೆ, ಲೇಔಟ್ ಬೇಡ. ಸೈಟ್ ಹಂಚಿಕೆ ಆದ ಮೇಲೆ ಈ ಗೆರೆ ಎಳೆಯೋಕೆ ಯಾರ ಕೈಲೂ ಆಗಲ್ಲ.

ಮೆಕ್ಕೆಜೋಳ:
ನಿಲ್ದಾಣದ ಸುತ್ತ ದಟ್ಟವಾಗಿ ಮರ ನೆಟ್ಟರೆ ಸಾಲದಾ? ಎಲ್ಲಾ ವರದಿಯಲ್ಲೂ "ಹಸಿರು ಪಟ್ಟಿ" ಅಂತ ಬರೆದಿರ್ತಾರೆ.

ಲಾಗ್‌ಟೇಬಲ್:
ತಲೆ ಮೇಲಿನ ವಿಮಾನಕ್ಕೆ ಮರ ಏನು ಮಾಡುತ್ತೆ? 30 ಮೀಟರ್ ಅಗಲದ ದಟ್ಟ ತೋಪು ನೆಲದ ಸದ್ದನ್ನೂ ಕೆಲವೇ ಡೆಸಿಬಲ್ ಇಳಿಸುತ್ತೆ. ನೆಲದ ಸದ್ದಿಗೆ ಗೋಡೆ, ಮಣ್ಣಿನ ದಿಬ್ಬ ಮೇಲು. ಎಟಿಆರ್ ಅಂದ ಮೇಲೆ ಒಂದು ವಿಷಯ ಗೊತ್ತಿರಲಿ: ಅದಕ್ಕೆ ಎಪಿಯು, ಅಂದರೆ ನಿಂತಾಗ ವಿದ್ಯುತ್, ಎಸಿ ಕೊಡೋ ಪುಟ್ಟ ಎಂಜಿನ್, ಇಲ್ಲ. ನಿಂತಾಗ ಬಲಗಡೆ ಎಂಜಿನ್ನಿನ ಪ್ರೊಪೆಲರ್‌ಗೆ ಬ್ರೇಕ್ ಹಾಕಿ, ಎಂಜಿನ್ ಓಡಿಸಿಕೊಂಡೇ ಎಸಿ, ವಿದ್ಯುತ್ ಪಡೀತಾರೆ. ಇದಕ್ಕೆ ಹೋಟೆಲ್ ಮೋಡ್ ಅಂತಾರೆ. ನಿಲುಗಡೆ ಜಾಗ ಊರ ಕಡೆ ಇದ್ದರೆ ಈ ಕೀರಲು ಸದ್ದು ಪ್ರತಿ ಸಲವೂ ಕೇಳಿಸುತ್ತೆ. ನೆಲದಿಂದಲೇ ವಿದ್ಯುತ್ ಕೊಡೋ ಜಿಪಿಯು ಬಳಸೋದನ್ನ ಷರತ್ತಾಗಿ ಬರೆಸಿ, ನಿಲುಗಡೆ ಜಾಗವನ್ನ ಊರಿಲ್ಲದ ಮಗ್ಗುಲಿಗೆ ಕೇಳಿ.

ಹೊಲದಂಚು:
ಮನೆಗಳಿಗೆ ಡಬಲ್ ಗ್ಲಾಸ್ ಹಾಕಿಸಿ ಕೊಡಿ ಅಂತ ಕೇಳಿದರೆ?

ಕೋಟೆಕಲ್ಲು:
ಶಾಲೆಗೆ ಕೇಳಿ, ಹಂಚಿನ ಮನೆಗೆ ಅಷ್ಟು ಪ್ರಯೋಜನ ಇಲ್ಲ. ಕಿಟಕಿ ಅರ್ಧ ತೆರೆದರೆ ಒಳಗೆ ಕಡಿಮೆಯಾಗೋದು 15 ಡೆಸಿಬಲ್ ಆಸುಪಾಸು ಮಾತ್ರ, ಗಾಜು ಯಾವುದಾದರೂ ಆಗಲಿ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕೂರೋರು ಯಾರು? ಮುಚ್ಚಿದರೂ, ಒಟ್ಟು ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ಸಂದು ಇದ್ದರೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯೋಕೆ ಆಗಲ್ಲ. ಹಂಚಿನ ಮಾಡಲ್ಲಿ ಸಂದೇ ಸಂದು. ಶಾಲೆಗೆ ಕೇಳುವಾಗ ಆರ್‌ಸಿಸಿ ಛಾವಣಿ, ಎರಡು ಗಾಜಿನ ನಡುವೆ ಕನಿಷ್ಠ 100 ಮಿ.ಮೀ. ಅಂತರ, ಸುತ್ತ ರಬ್ಬರ್ ಸೀಲ್, ಗಾಳಿಗೆ ಪ್ರತ್ಯೇಕ ಫ್ಯಾನ್, ನಾಲ್ಕನ್ನೂ ಒಟ್ಟಿಗೆ ಬರೆಸಿ. ಒಂದು ಬಿಟ್ಟರೂ ಉಳಿದ ಮೂರಕ್ಕೆ ಹಾಕಿದ ದುಡ್ಡು ದಂಡ.

ಹೊಲದಂಚು:
ಈಗಿನ ಸದ್ದು ಎಷ್ಟಿದೆ ಅಂತ ಮೊಬೈಲ್ ಆ್ಯಪ್‌ನಲ್ಲಿ ಅಳೆದಿಟ್ಟರೆ ಆಗುತ್ತಾ?

ಲಾಗ್‌ಟೇಬಲ್:
ನಿಮ್ಮ ಅಂದಾಜಿಗೆ ಸಾಕು, ಸಭೆಯಲ್ಲಿ ನಿಲ್ಲಲ್ಲ. ಕ್ಲಾಸ್ 1 ಮೀಟರ್ (ಸದ್ದನ್ನ ನಿಖರವಾಗಿ ಅಳೆಯೋ ಉಪಕರಣ) ಬಾಡಿಗೆಗೆ ತರಿಸಿ. ಎ-ವೆಯ್ಟಿಂಗ್ (ಕಿವಿಗೆ ಕೇಳಿಸೋ ರೀತಿಗೆ ಹೊಂದಿಸಿದ ಅಳತೆ), ನೆಲದಿಂದ 1.2ರಿಂದ 1.5 ಮೀಟರ್ ಎತ್ತರ, ಗೋಡೆಯಿಂದ ಕನಿಷ್ಠ 3.5 ಮೀಟರ್ ದೂರ, ಮೈಕ್‌ಗೆ ಸ್ಪಂಜಿನ ಟೋಪಿ. ಶುರುವಿಗೆ ಮುಂಚೆ, ಮುಗಿದ ಮೇಲೆ 94 ಡೆಸಿಬಲ್ ಕ್ಯಾಲಿಬ್ರೇಟರ್ (ಗೊತ್ತಿರೋ ಮಟ್ಟದ ಸದ್ದು ಕೊಡೋ ಸಾಧನ) ಇಟ್ಟು ಮೀಟರ್ ಸರಿ ತೋರಿಸುತ್ತಾ ನೋಡಿ. ಗಾಳಿ ಸೆಕೆಂಡಿಗೆ 5 ಮೀಟರ್ ಮೀರಿದ ಹೊತ್ತಿನ ಅಂಕಿ ಬಿಟ್ಟುಬಿಡಿ. 24 ಗಂಟೆಯಂತೆ ಏಳು ದಿನ, ರಾತ್ರಿಯದು ಬೇರೆಯಾಗಿ.

ಅವರು ಅಳೆದಿದ್ದನ್ನೂ ನೋಡಿ. ವರದಿಗೆ ಹಿನ್ನೆಲೆ ಅಳತೆ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಮಾಡ್ತಾರೆ. ಆಗಲೇ ನಮ್ಮಲ್ಲಿ ಮೆಕ್ಕೆಜೋಳ ಒಕ್ಕೋದು. ಕಣದ ಪಕ್ಕ ಮೀಟರ್ ಇಟ್ಟರೆ ಹಗಲು 60 ದಾಟೋದು ಕಷ್ಟವೇನಲ್ಲ. ಆಮೇಲೆ "ಊರಲ್ಲಿ ಮೊದಲೇ ಇಷ್ಟು ಸದ್ದಿದೆ, ವಿಮಾನದಿಂದ ಹೆಚ್ಚೇನೂ ಸೇರಲ್ಲ" ಅಂತ ಬರೀತಾರೆ. ಅಳೆದ ದಿನಾಂಕ, ಗಂಟೆ, ಜಾಗದ ಫೋಟೊ ಕೇಳಿ, ಪಕ್ಕದಲ್ಲಿ ಒಕ್ಕುವ ಮೆಷಿನ್, ಪಂಪ್‌ಸೆಟ್, ಜಾತ್ರೆ ಮೈಕು ಏನಿತ್ತು ಅನ್ನೋದನ್ನೂ ಬರೆದುಕೊಡಿ ಅನ್ನಿ.