ಅಪ್‌ಡೇಟ್: ಹಾರ್ಮೋನ್ ವಿಷಯ ಡಾಕ್ಟರಿಗೆ ಹೇಳಿಬಿಟ್ಟೆ

ಪಿತ್ತಕೋಶದ ಆಪರೇಷನ್‌ಗೆ ಮುಂಚೆ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್), ಸ್ಪೈರೊನೊಲ್ಯಾಕ್ಟೋನ್ (ಗಂಡು ಹಾರ್ಮೋನ್ ತಡೆಯೋದು) ಮಾತ್ರೆ ತಗೊಳ್ತಿರೋದನ್ನ ಹೇಳಲೇಬೇಕಾ, ಫೈಲಿನಿಂದ ಮನೆಯವರಿಗೆ ಗೊತ್ತಾಗುತ್ತಾ ಅಂತ ಕೇಳಿದ್ದೆ.

ಹೇಳಿದೆ. ಅಮ್ಮನನ್ನ ಹೊರಗೆ ಕೂರಿಸಿ, ಅರಿವಳಿಕೆ ಡಾಕ್ಟರ್ ಹತ್ರ. ನನ್ನೆದೆ ಡವಡವ ಅಂತಿತ್ತು. ಅವರು ಬಿಪಿ ಮಾತ್ರೆ ಬಗ್ಗೆ ಕೇಳೋ ಹಾಗೆ ಡೋಸ್ ಎಷ್ಟು, ಎಷ್ಟು ದಿನದಿಂದ ಅಂತ ಕೇಳಿ ಬರ್ಕೊಂಡ್ರು, ಅಷ್ಟೇ. ನುಂಗೋ ಈಸ್ಟ್ರೋಜನ್‌ನಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ, ಆಪರೇಷನ್ ಆಗಿ ಮಲಗಿದ್ರೆ ಇನ್ನೂ ಜಾಸ್ತಿಯಂತೆ. ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಶಿಯಂ ಏರಿಸಬಹುದು, ಅದು ಹೃದಯದ ಬಡಿತವನ್ನೇ ಕೆಡಿಸಬಹುದು ಅಂತ ಅವತ್ತೇ ರಕ್ತ ಪರೀಕ್ಷೆ ಮಾಡಿಸಿದ್ರು. ಯಾರಿಗೂ ಹೇಳದೆ ನಾನೇ ನಿಲ್ಲಿಸೋಣ ಅಂದ್ಕೊಂಡಿದ್ದೆ (ಪೆದ್ದು ನಾನು). ನಿಲ್ಲಿಸೋದು ಬೇಡ ಅಂದ್ರು; ಕಾಲಿಗೆ ಬಿಗಿ ಸಾಕ್ಸ್, ಹೆಪ್ಪುಗಟ್ಟದಿರೋಕೆ ಇಂಜೆಕ್ಷನ್, ಅವತ್ತು ಸಂಜೆಯೇ ಎಬ್ಬಿಸಿ ನಡೆಸಿದ್ರು.

ಫೈಲಲ್ಲಿ ಬರೀಬೇಡಿ ಅಂದಿದ್ದಕ್ಕೆ ಮಾತ್ರ ಒಪ್ಪಲಿಲ್ಲ. ರಾತ್ರಿ ಪಾಳಿಯವರಿಗೂ ಗೊತ್ತಿರಬೇಕಲ್ಲ. ಆದರೆ ಮಾತ್ರೆಯ ಹೆಸರಷ್ಟೇ ಬರೆದು, ಡಿಸ್ಚಾರ್ಜ್ ಸಮ್ಮರಿ ನನ್ನ ಕೈಗೇ ಕೊಟ್ರು.

ಆದ್ರೂ ಒಬ್ಬ ನರ್ಸ್ ಅಮ್ಮನ ಎದುರೇ ಪಟ್ಟಿ ಓದಿಬಿಟ್ರು. ಸ್ಪೈರೊನೊ… ಅದೇನೋ ಅದು ಅಂದ್ರು ಅಮ್ಮ. ಮೊಡವೆಗೆ ಅಂದೆ. ಮೊಡವೆಗೂ ಕೊಡ್ತಾರೆ, ಪೂರ್ತಿ ಸುಳ್ಳೇನಲ್ಲ.